ಮೊದಲು ಪ್ರಕಟವಾದ ದೊಡ್ಡಪ್ಪ

ಮೂರ್ಖತನವನ್ನು ಬೇರೆಯವರು ಎತ್ತಿ ಆಡುವ ಮೊದಲೇ ಒಪ್ಪಿಕೊಂಡರೆ ಅವಮಾನ ಅರ್ಧ ಕಡಿಮೆಯಾಗುತ್ತದೆಂಬ ನಂಬಿಕೆಯಿಂದ ಹೇಳಿಬಿಡುತ್ತೇನೆ: ನಮ್ಮ ವಂಶಕ್ಕೊಂದು ವೆಬ್‌ಸೈಟು ಮಾಡಿ, ಅದರ ಮುಖಪುಟದಲ್ಲಿ ‘ಇತ್ತೀಚೆಗೆ ಪ್ರಕಟವಾದ ಪುಟಗಳು’ ಎಂಬ ಐದು ಸಾಲಿನ ಪಟ್ಟಿಯನ್ನು ತೋರಣದಂತೆ ಕಟ್ಟಿದವನು ನಾನೇ. ಕಟ್ಟೆಂದು ಯಾರೂ ಕೇಳಿರಲಿಲ್ಲ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಪುಟ. ಅದರಲ್ಲಿ ಭಾವಚಿತ್ರ, ನಾಲ್ಕು ಸಾಲು ಪರಿಚಯ, ಜೊತೆಗೆ ಅವರ ದನಿಯನ್ನು ನಾನು ಅಣಕಿಸಿದ ಒಂದು ತುಣುಕು. ಅಣಕಿಸುವುದು ನನ್ನ ಹುಟ್ಟುಗುಣ; ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ತುಸು ಹುಡುಕಿ ಹೇಳಬೇಕಾಗುತ್ತದೆ.

ಪ್ರಕಟಿಸುವಾಗ ಸಂಪ್ರದಾಯಕ್ಕೆ ಭಂಗ ತರಲಿಲ್ಲ. ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರು ಒಂದು ಸಾಲು ಕೆಳಗಿಳಿದರೆ ನಮ್ಮ ಕಡೆ ಅವರು ಮದುವೆಯ ದಾರಿಯನ್ನೇ ಹಿಡಿಯುವುದಿಲ್ಲ. ಆದ್ದರಿಂದ ಟಿ. ನರಸೀಪುರದ ದೊಡ್ಡಪ್ಪನನ್ನು ಸಾಕ್ಷಾತ್ ಕುಲದೀಪಕರೆಂದು ಬಣ್ಣಿಸಿ ಎಲ್ಲರಿಗಿಂತ ಮೊದಲು ಪ್ರಕಟಿಸಿದೆ. ಆಮೇಲೆ ಚಿಕ್ಕಪ್ಪಂದಿರು, ಅತ್ತೆಯರು, ಸೊಸೆಯರು, ಕಟ್ಟಕಡೆಗೆ ನನ್ನ ಅಕ್ಕನ, ಇನ್ನೂ ಹೆಸರಿಡದ ಎಳೆಗೂಸು. ಓದುಗ ಮಹಾಶಯರೇ, ನೀವು ಜಾಣರು, ಆಗಲೇ ಊಹಿಸಿದ್ದೀರಿ; ನನಗೆ ಹೊಳೆಯಲಿಲ್ಲ. ಹೊಸದು ಮೇಲೆ, ಹಳೆಯದು ಕೆಳಗೆ ಎನ್ನುವ ಆ ಪಟ್ಟಿಯಲ್ಲಿ ಕೂಸು ಶಿಖರವೇರಿತು. ಗೌರವದಿಂದ ಮೊದಲು ಬಂದ ದೊಡ್ಡಪ್ಪ, ಆ ಗೌರವದ ಫಲವಾಗಿಯೇ, ಪಟ್ಟಿಯಿಂದಾಚೆಗೆ ಜಾರಿಹೋದರು.

ನಾನಂತೂ ಪಟ್ಟಿ ನೋಡುತ್ತ ಕನಸು ಕಾಣುತ್ತಿದ್ದೆ. ಸಂಜೆ ನಂಜನಗೂಡಿನಲ್ಲಿ ಕಪಿಲೆಯ ಸೋಪಾನದ ಮೇಲೆ ಕೂತು ಮೊಬೈಲು ತೆರೆದರೆ, ಒಂದೊಂದೇ ಹೆಸರು ಮೇಲಿನಿಂದ ಬಂದು, ಕೆಳಗಿನದನ್ನು ಮೆಲ್ಲನೆ ತಳ್ಳಿ, ತಾನೂ ಸರಿದುಹೋಗುವುದು ಹೊಳೆಯ ನಡೆಯಂತೆಯೇ ಕಾಣುತ್ತಿತ್ತು. ಇಲ್ಲಿ ನನ್ನ ಪಾದ ಸವರಿದ ನೀರು ನರಸೀಪುರದಲ್ಲಿ ಕಾವೇರಿಯೊಳಗೆ ಹೆಸರು ಕಳೆದುಕೊಳ್ಳುತ್ತದಲ್ಲ, ಆದರೂ ಅದಕ್ಕೆ ಯಾರ ಮೇಲೂ ದೂರಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಫೋನು ಬಂತು. ನದಿಗಿಲ್ಲದ ದೂರು ದೊಡ್ಡಪ್ಪನಿಗಿತ್ತು.

“ಲೇ, ಮೊನ್ನೆ ಬಂದ ಸೊಸೇರೆಲ್ಲ ಅವ್ರೆ, ಕಣ್ಣೂ ಬುಡದ ಕೂಸೂ ಅದೆ. ನಾನೆಲ್ಲಿವ್ನಿ?”

“ಕೆಳಗಡೆ ಒತ್ತಿದ್ರೆ ಬತ್ತೀರಿ ದೊಡ್ಡಪ್ಪ.”

“ಒತ್ತಿದ್ರೆ ಬರಾಕೆ ನಾನೇನು ಕಾಲಿಂಗ್ ಬೆಲ್ಲಾ? ಮೇಲ್ಗಡೆ ಇರೋರ ಕೈಲೇ ಮಗೀಗೆ ಎಸ್ರು ಕರೆಸ್ಕಳಿ. ನಾ ಬರಾಕಿಲ್ಲ.”

ಭಾನುವಾರ ನಾಮಕರಣ. ನಮ್ಮ ಮನೆಯಲ್ಲಿ ಹುಟ್ಟಿದ ಯಾವ ಮಗುವಾದರೂ ತನ್ನ ಹೆಸರನ್ನು ಮೊದಲ ಬಾರಿಗೆ ಕೇಳುವುದು ದೊಡ್ಡಪ್ಪನ ಬಾಯಿಂದಲೇ. ಬೇಕಾದರೆ ಅವರ ದನಿಯಲ್ಲಿ ನಾನೇ ಕಿವಿಯಲ್ಲಿ ಉಸುರುತ್ತೇನೆಂದೆ. ಅಕ್ಕ ನಗಲಿಲ್ಲ, ಕಣ್ಣೊರೆಸಿಕೊಂಡು, “ಊರನ್ನೆಲ್ಲ ಅಣಕ್ಸು, ಇದೊಂದ ಬಿಟ್ಬಿಡು ಕಣೋ” ಎಂದಳು.

ಸರಿ, ದೊಡ್ಡಪ್ಪನ ಪುಟವನ್ನು ಅಳಿಸಿ, ರೇಷ್ಮೆ ಶಲ್ಯ ಹೊದ್ದ ಹೊಸ ಚಿತ್ರದೊಂದಿಗೆ ಮತ್ತೆ ಪ್ರಕಟಿಸಿದೆ. ಪಟ್ಟಿಯ ನೆತ್ತಿಯ ಮೇಲೆ ಅವರು ರಾರಾಜಿಸಿದರು. ಮರುದಿನ ಬೆಳಿಗ್ಗೆ ಕ್ಷಮೆ ಕೇಳಲೆಂದು ನರಸೀಪುರದ ಬಸ್ಸು ಹತ್ತಿದೆ. ಕಿಟಕಿಯಾಚೆ ಗದ್ದೆಗಳು ಮಂಜಿನಲ್ಲಿ ತೂಕಡಿಸುತ್ತಿದ್ದವು. ಒಂದು ಊರಿನ ಫಲಕ ಓದುವಷ್ಟರಲ್ಲಿ ಇನ್ನೊಂದು ಊರು ಬಂದು ಅದನ್ನು ಹಿಂದಕ್ಕೆ ಸರಿಸುತ್ತಿತ್ತು. ಆ ಜೋಂಪಿನಲ್ಲೇ, ತಮ್ಮದೂ ಮೇಲೆ ಬರಲೆಂದು ಫೋನಿನಲ್ಲಿ ಕಾಡಿದ ಅತ್ತೆಯೊಬ್ಬರ ಪುಟವನ್ನೂ ಹಾಗೆಯೇ ಮರುಪ್ರಕಟಿಸಿದೆ.

ನಾನು ಮರೆತದ್ದು ಒಂದಿತ್ತು. ನಮ್ಮ ಸೀಮೆಯಲ್ಲಿ ವಯಸ್ಸಾದವರ ಹೊಸ ಚಿತ್ರ ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ, ಜನ ಕೆಳಗಿನ ಸಾಲು ಓದುವ ಮೊದಲೇ ಬಸ್ಸು ಹಿಡಿಯುತ್ತಾರೆ. ನಾನು ತಲುಪಿದಾಗ ಹುಲ್ಲಹಳ್ಳಿಯ ನೆಂಟರಿಬ್ಬರು ಸೇವಂತಿಗೆ ಹಾರ ಹಿಡಿದು ಅಂಗಳದಲ್ಲಿ ಬೆಪ್ಪಾಗಿ ನಿಂತಿದ್ದರು. ಹಾರ ಹಾಕಿಸಿಕೊಳ್ಳಬೇಕಾದವರು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. “ಇಂಥಾ ಊವ ವಾಪಸ್ ತಕ್ಕಂಡೋಗಬಾರ್ದು ಕಣಣ್ಣ” ಎಂದು ನೆಂಟರಲ್ಲೊಬ್ಬ ಅದನ್ನು ಬದುಕಿರುವ ಕೊರಳಿಗೇ ಹಾಕಿಬಿಟ್ಟ.

ಹಾರದೊಳಗಿಂದ ದೊಡ್ಡಪ್ಪ ನನ್ನತ್ತ ತಿರುಗಿದರು. ಸತ್ತ ಸುದ್ದಿಗೆ ಅವರಿಗೆ ಕೋಪವಿರಲಿಲ್ಲ. ಅತ್ತೆ ಮೇಲೇರಿದ್ದರಿಂದ, ಕಾಫಿ ಮುಗಿಯುವಷ್ಟರಲ್ಲಿ ತಾವು ಎರಡನೆಯವರಾದರೆಂಬುದೇ ಕೋಪ. “ಇನ್ನೊಂದ್ಸಲ ಮೇಲಕ್ಕಾಕು, ಬತ್ತೀನಿ” ಎಂದರು. ದಿನಕ್ಕೊಮ್ಮೆ ದೊಡ್ಡಪ್ಪನನ್ನು ಅಳಿಸಿ ಬರೆಯುವುದೇ ನನ್ನ ಶೇಷಾಯುಷ್ಯವೆಂದುಕೊಂಡು ಮೊಬೈಲು ತೆಗೆದೆ.

ತೆಗೆದದ್ದಷ್ಟೇ. ಭಾನುವಾರ ದೊಡ್ಡಪ್ಪ ಎಲ್ಲರಿಗಿಂತ ಮುಂಚೆ ನಂಜನಗೂಡಿಗೆ ಬಂದು, ಕೂಸಿನ ಕಿವಿಯಲ್ಲಿ ನಾನೆಂದೂ ಅಣಕಿಸಲಾರದಷ್ಟು ಮೆಲ್ಲಗೆ ಹೆಸರು ಹೇಳಿದರು; ಪಟ್ಟಿ ಇದ್ದ ಹಾಗೆಯೇ ಇದೆ. ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಹಾರ ಬಿದ್ದ ಆ ಬೆಳಿಗ್ಗೆ ನೆಂಟರಿಗೆ ಕಾಫಿ ತಂದ ದೊಡ್ಡಮ್ಮ, ಲೋಟ ಕೊಡುತ್ತ ಕೊಡುತ್ತಲೇ, ಗಂಡನ ಕಡೆ ತಿರುಗಿಯೂ ನೋಡದೆ ಹೇಳಿದ್ದು ಇಷ್ಟು:

“ಮೊದಲ್ನೇ ಪಂಕ್ತೀಲಿ ಉಂಡೋರು ಮೊದ್ಲು ಎದ್ದು ಕೈ ತೊಳ್ಕಬೇಕು ಕಣ್ರೀ. ಎಂಜಲೆಲೆ ಮುಂದೇನೇ ಕುಂತ್ಕಂಡು ಇನ್ನೊಂದ್ಸಲ ಬಡ್ಸಿ ಅಂದ್ರೆ, ಆ ಕೂಸು ಎಲ್ಲಿ ಕುಂತ್ಕಬೇಕು?”