ಕೊರಿಯರ್‌ನಲ್ಲಿ ಬಂದ ಮಣ್ಣು

ಬಳ್ಳಾರಿಗೆ ದುಡ್ಡು ಕೊಟ್ಟು ಮಣ್ಣು ತರಿಸಿದ ಮನುಷ್ಯ ಬಹುಶಃ ನಾನೊಬ್ಬನೇ. ಈ ಊರಿನಲ್ಲಿ ಮಣ್ಣಿಗೆ ಬರವಿಲ್ಲ. ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ, ಊಟದ ತಟ್ಟೆಗೆ ಬರುತ್ತದೆ, ಇಸ್ತ್ರಿ ಮಾಡಿದ ಅಂಗಿಯ ಕಾಲರಿಗೆ ಬರುತ್ತದೆ. ಅದಿರು ಲಾರಿಗಳ ದಯೆಯಿಂದ ಇಲ್ಲಿ ಬಿಳಿ ಕಾರು ಕೊಂಡವರು ಎರಡು ವರ್ಷದಲ್ಲಿ ಇಟ್ಟಿಗೆ ಬಣ್ಣದ ಕಾರಿನ ಮಾಲೀಕರಾಗಿರುತ್ತಾರೆ. ಅಂಥ ಊರಿಗೆ ನಾನು ಒಂದು ಹಿಡಿ ನೀಲಿ ಮಣ್ಣನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತರಿಸಿಕೊಂಡೆ. ಅದಕ್ಕೆ ಕಾರಣ ನನ್ನ ಮಾವ, ಅಂದರೆ ಹೆಂಡತಿಯ ತಂದೆ.

ಮಾವ ಸಿರುಗುಪ್ಪದವರು. ನಲವತ್ತು ವರ್ಷ ಅಕ್ಕಿ ಗಿರಣಿ ನಡೆಸಿ, ಈಗ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಆರಾಮಾಗಿದ್ದಾರೆ. ಅವರದೊಂದು ಕಡುನೀಲಿ ಕಾರಿದೆ. ದಿನಾ ಬೆಳಿಗ್ಗೆ ಹಳೆಯ ಪಂಚೆಯ ತುಂಡಿನಿಂದ ಅದನ್ನು ಒರೆಸುತ್ತಾರೆ, ವಾರಕ್ಕೊಮ್ಮೆ ಯಾವುದೋ ಪಾಲಿಶ್ ಬಳಿಯುತ್ತಾರೆ. ಮಗಳನ್ನು ನನಗೆ ಕೊಟ್ಟು ಹದಿನಾಲ್ಕು ವರ್ಷವಾಯಿತು, ಕಾರಿನ ಕೀಲಿಯನ್ನು ಮಾತ್ರ ಒಂದು ದಿನವೂ ಕೊಟ್ಟಿರಲಿಲ್ಲ. ಕೇಳಿದಾಗೆಲ್ಲ, "ಅದರ ಕ್ಲಚ್ ಭಾಳ ಸೂಕ್ಷ್ಮ ಐತ್ರಿ ಅಳಿಯಂದ್ರ, ನಿಮಗ ತ್ರಾಸ ಆಕೈತಿ" ಎನ್ನುತ್ತಿದ್ದರು. ನನ್ನ ತ್ರಾಸದ ಬಗ್ಗೆ ಅವರಿಗೆ ಇದ್ದ ಕಾಳಜಿ ಅದೊಂದೇ.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅವರ ಎಡಗಣ್ಣಿನ ಪೊರೆ ತೆಗೆಸಬೇಕೆಂದಾಯಿತು. ಆಪರೇಷನ್ನಿಗೆಂದು ಸಿರುಗುಪ್ಪದಿಂದ ಬಳ್ಳಾರಿಗೆ ತಾವೇ ಕಾರು ಓಡಿಸಿಕೊಂಡು ಬಂದರು. ನಾವೆಲ್ಲ ಅದನ್ನು ಧೈರ್ಯ ಎಂದು ಹೊಗಳಿದೆವು. ಡಾಕ್ಟರು ಒಂದು ತಿಂಗಳು ಗಾಡಿ ಮುಟ್ಟಬಾರದೆಂದಾಗ ಬೇರೆ ದಾರಿಯಿಲ್ಲದೆ ಕೀಲಿಯನ್ನು ನನ್ನ ಅಂಗೈಗೆ ಇಟ್ಟರು. ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸು ಹತ್ತುವಾಗ, "ಒರಸೂದು ಏನೂ ಬ್ಯಾಡ, ಸುಮ್ನ ನೆಳ್ಳಾಗ ನಿಂದ್ರಸ್ರಿ ಸಾಕು" ಎಂದರು. ಬೀಗರ ಕಾರು ಬಂದಿದೆ ಎಂದು ನಮ್ಮವ್ವ ಅದಕ್ಕೊಂದು ನಿಂಬೆಹಣ್ಣು ಕಟ್ಟಿದಳು.

ಅವರು ಹೇಳಿದಂತೆಯೇ ಮಾಡಿದೆ. ನಮ್ಮ ಮನೆ ಇರುವುದು ಕೌಲ್ ಬಜಾರಿನಲ್ಲಿ. ಅಲ್ಲಿ ಮನುಷ್ಯ ನಿಲ್ಲುವುದಕ್ಕೇ ಜಾಗ ಸಾಲದು, ಇನ್ನು ನೆರಳು ಎಲ್ಲಿಂದ ಬರಬೇಕು? ಓಣಿಯಲ್ಲಿ ಇರುವುದೊಂದೇ ಬೇವಿನ ಮರ, ಅದರ ಕೆಳಗೆ ಇರುವುದು ಗೇಟು, ಗ್ರಿಲ್ ಮಾಡುವವನ ಅಂಗಡಿ. ಕಾರನ್ನು ಅಲ್ಲಿ ನಿಲ್ಲಿಸುವಾಗ ಆತ, "ಸಾರ್, ಅಲ್ಲಿ ಬ್ಯಾಡ್ರಿ, ಗ್ರೈಂಡರ್ ಹಚ್ತೀನಿ, ಕಿಡಿ ಹಾರ್ತಾವ" ಎಂದ. "ಹತ್ತು ನಿಮಿಷ, ತೆಗಿತೀನಿ" ಎಂದೆ. ನನ್ನ ಹತ್ತು ನಿಮಿಷ ಎಷ್ಟೆಂದು ಹೆಂಡತಿಗೆ ಗೊತ್ತು, ಆತನಿಗೆ ಪಾಪ ಗೊತ್ತಿರಲಿಲ್ಲ. ನಾನು ಊಟ ಮಾಡಿ, ಮಲಗಿ, ಎದ್ದು, ಚಹಾ ಕುಡಿದು ಬರುವಷ್ಟರಲ್ಲಿ ಅವನು ಎರಡು ಗೇಟು ಮುಗಿಸಿದ್ದ.

ಆಗ ಏನೂ ಕಾಣಲಿಲ್ಲ. ಎರಡು ದಿನ ಬಿಟ್ಟು ಮೊದಲ ಮಳೆ ಬಿತ್ತು. ಮರುದಿನ ನೋಡಿದರೆ ಕಾರಿಗೆ ಸಿಡುಬು ಎದ್ದಿತ್ತು. ಬಾನೆಟ್ಟು, ಟಾಪು, ಎಡಗಡೆಯ ಬಾಗಿಲುಗಳು, ಎಲ್ಲ ಕಡೆ ಸಾಸಿವೆಗಿಂತ ಸಣ್ಣ ಕೇಸರಿ ಚುಕ್ಕೆ. ಗ್ರೈಂಡರಿನ ಕಿಡಿ ಅಂದರೆ ಕಾದ ಕಬ್ಬಿಣದ ಪುಡಿ. ಅದು ಬಣ್ಣದೊಳಗೆ ನೆಟ್ಟುಕೊಂಡು ಕೂತಿತ್ತು, ಮಳೆ ನೀರು ಕುಡಿದು ತುಕ್ಕು ಹಿಡಿದಿತ್ತು. ಸೋಪಿನ ನೀರು ಹಾಕಿ ಉಜ್ಜಿದೆ, ಹೋಗಲಿಲ್ಲ. ಸೀಮೆಎಣ್ಣೆ ಹಚ್ಚಿದೆ, ಹೋಗಲಿಲ್ಲ. ಅವ್ವ ಹಿತ್ತಾಳೆ ಕೊಡಕ್ಕೆ ಹಚ್ಚುವ ಹುಣಸೆಹಣ್ಣು ನೆನೆಸಿಕೊಂಡು ಬಂದಳು. ಅದಕ್ಕೆ ನಾನು ಒಪ್ಪಲಿಲ್ಲ.

"ನಿಮ್ಮಪ್ಪ ಏನಂತಾರ?" ಎಂದು ಹೆಂಡತಿಯನ್ನು ಕೇಳಿದೆ.

"ಏನೂ ಅನ್ನಂಗಿಲ್ರಿ," ಎಂದಳು. "ಅದ ಕಷ್ಟ. ಸಾಯೂತನಾ ಏನೂ ಅನ್ನಂಗಿಲ್ಲ."

ಅವಳು ಹೇಳಿದ್ದು ಖರೆ. ಮಾವ ಬೈಯುವ ಜಾತಿಯಲ್ಲ. ಒಮ್ಮೆ ಕನ್ನಡಕ ಸರಿಮಾಡಿಕೊಂಡು ನೋಡುತ್ತಾರೆ, ಆಮೇಲೆ ಆ ಮನುಷ್ಯನನ್ನು ಲೆಕ್ಕದಿಂದ ತೆಗೆದುಬಿಡುತ್ತಾರೆ. ಈಗ ಅವರಿಗೆ ಹೊಸ ಕಣ್ಣು ಬೇರೆ ಬಂದಿದೆ. ಹದಿನಾಲ್ಕು ವರ್ಷ ಕಾದು ಪಡೆದ ಕೀಲಿಯನ್ನು ಒಂದು ಮಧ್ಯಾಹ್ನದ ನಿದ್ದೆಯಲ್ಲಿ ಕಳೆದುಕೊಂಡವನು ಎಂದು ಈ ಮನೆತನದಲ್ಲಿ ನನ್ನ ಹೆಸರು ಉಳಿಯುತ್ತದೆ. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕ ಮದ್ದು ಈ ಮಣ್ಣು. ಕ್ಲೇ ಬಾರ್ ಎನ್ನುತ್ತಾರೆ. ಕಾರನ್ನು ತೊಳೆದು, ಸೋಪಿನ ನೀರು ಚಿಮುಕಿಸಿ, ಈ ಮಣ್ಣನ್ನು ಹಗುರವಾಗಿ ಹಿಂದೆ ಮುಂದೆ ಜಾರಿಸುತ್ತ ಹೋದರೆ ಬಣ್ಣದಲ್ಲಿ ನೆಟ್ಟದ್ದೆಲ್ಲ ಅದಕ್ಕೆ ಅಂಟಿಕೊಂಡು ಬರುತ್ತದಂತೆ. ಹೊಲಸಾದ ಮುಖವನ್ನು ಒಳಗೆ ಮಡಚಿ ಹೊಸ ಮುಖ ಮಾಡಿಕೊಳ್ಳಬೇಕು. ನೆಲಕ್ಕೆ ಬಿದ್ದರೆ ಮುಗಿಯಿತು, ಎಸೆದುಬಿಡಬೇಕು, ಇಲ್ಲವಾದರೆ ಉಸುಕು ಹತ್ತಿ ಗೀರು ಬೀಳುತ್ತದೆ. ಎಲ್ಲ ಆದ ಮೇಲೆ ಮೇಣ ಬಳಿಯಬೇಕು. ವಿಡಿಯೋದವನು ಇದನ್ನೆಲ್ಲ ಎಷ್ಟು ಪ್ರೀತಿಯಿಂದ ಮಾಡುತ್ತಿದ್ದನೆಂದರೆ, ಅವನ ಹೆಂಡತಿಯ ಬಗ್ಗೆ ನನಗೆ ಕನಿಕರವಾಯಿತು.

ಮಣ್ಣು ಬಂದದ್ದು ಶನಿವಾರ. ಮಾವ ಬರುವುದು ಭಾನುವಾರ ಮಧ್ಯಾಹ್ನ, ಸೋಮವಾರ ಕಣ್ಣು ತೋರಿಸಿ ಕಾರು ತೆಗೆದುಕೊಂಡು ಹೋಗುವುದು ಎಂದು ಗೊತ್ತಾಗಿತ್ತು. ಡಬ್ಬಿ ಬಿಚ್ಚುವಾಗ ಅವ್ವ ಬಂದು, "ಏನಪಾ ಇದು?" ಎಂದಳು.

"ಮಣ್ಣು."

"ಮಣ್ಣು?"

"ಹೂಂ ಬೇ, ಮಣ್ಣು. ದೂರದಿಂದ ತರಿಸೀನಿ."

ಅವ್ವ ಸಿರಿಗೇರಿಯ ಎರೆಹೊಲದಲ್ಲಿ ಬೆಳೆದವಳು. ಚೂರು ಚಿವುಟಿ ಬೆರಳಲ್ಲಿ ಹಿಸುಕಿ ನೋಡಿದಳು. "ಭಾಳ ಚಲೋ ಐತಿ, ಬೆಣ್ಣಿ ಆಗೇತಿ" ಎಂದು ಮೆಚ್ಚಿಕೊಂಡಳು. ಅವಳೇಕೆ ಅಷ್ಟು ಮೆಚ್ಚಿದಳು ಎಂದು ನಾನು ಯೋಚಿಸಬೇಕಿತ್ತು. ನನ್ನ ತಲೆಯಲ್ಲಿ ಕಾರು ಬಿಟ್ಟು ಬೇರೆ ಏನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬಕೀಟು ತುಂಬಿಸಿಕೊಂಡು ಡಬ್ಬಿ ತೆರೆದರೆ ಖಾಲಿ. ದೇವರ ಕೋಣೆಯಿಂದ ಗಂಟೆ ಸದ್ದು. ಹೋಗಿ ನೋಡಿದರೆ ಜಗುಲಿಯ ಮೇಲೆ ಎರಡು ನೀಲಿ ಎತ್ತು, ಮುಂದೊಂದು ನೀಲಿ ಗೋದಲಿ. ಎತ್ತುಗಳಿಗೆ ಜೋಳದ ಕಾಳಿನ ಕಣ್ಣು, ಹಣೆಗೆ ಕುಂಕುಮ, ಕೊರಳಿಗೆ ಹೂವು. ಗೋದಲಿಯಲ್ಲಿ ಮೇವೆಂದು ನಾಲ್ಕು ಎಸಳು ಕರಿಕೆ ಹುಲ್ಲು. ಅಂದು ಮಣ್ಣೆತ್ತಿನ ಅಮಾವಾಸ್ಯೆ.

"ಅವ್ವಾ, ಅದು ಕಾರಿನ ಮಣ್ಣು ಬೇ."

"ಎತ್ತು ಮಾರಾಕಿ ಈ ಸಲ ಸುಣ್ಣದ ಎತ್ತು ತಂದಿದ್ಳು, ಬಣ್ಣ ಹಚ್ಚಿ. ಸುಣ್ಣಕ್ಕ ಪೂಜಿ ಮಾಡಬೇಕೇನು? ನೀ ಮಣ್ಣು ತರ್ಸಿದ್ದಕ್ಕ ಹಬ್ಬ ಆತು ನೋಡು. ನಿನಗೂ ಒಮ್ಮೊಮ್ಮೆ ಬುದ್ಧಿ ಇರ್ತೈತಿ."

ನಾನು ಕೈ ಚಾಚಿದೆ. ಅವ್ವ ನನ್ನ ಕೈ ಮೇಲೆ ಹೊಡೆದಳು. ಅಮಾವಾಸ್ಯೆಯ ದಿನ ಯಾವ ಒಕ್ಕಲಿಗನೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಂತೆ. "ಇವತ್ತು ಅವು ದುಡಿಯಂಗಿಲ್ಲ. ಬೇಕಿದ್ರ ನಾಳಿ ಹೂಡು." ಐವತ್ತಕ್ಕೆ ಹತ್ತಿರ ಬಂದ ನಾನು, ಕಾಲೇಜಿನಲ್ಲಿ ಮಕ್ಕಳಿಗೆ ಪಾಠ ಹೇಳುವವನು, ಕಾರು ತೊಳೆಯುವ ಸಾಮಾನಿಗೆ ಕೈಮುಗಿದು ಹೊರಗೆ ಬಂದೆ.

ಮಾವ ಹನ್ನೊಂದಕ್ಕೇ ಬಂದುಬಿಟ್ಟರು. ಕಪ್ಪು ಕನ್ನಡಕ ಹೋಗಿತ್ತು. ಓಣಿಯ ಬಾಯಲ್ಲೇ ನಿಂತು ನೋಡಿದರು. ಕಾರಿನ ಹತ್ತಿರ ಬಂದು ಬಾನೆಟ್ಟಿನ ಮೇಲೆ ಕೈಯಾಡಿಸಿದರು. ನಾನು ಗ್ರೈಂಡರು, ಕಿಡಿ, ಹತ್ತು ನಿಮಿಷ, ನಿದ್ದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಕೊನೆಗೆ ಮದ್ದು ತರಿಸಿದ್ದೇನೆ, ಆದರೆ ಅದು ಸದ್ಯ ದೇವರಾಗಿದೆ ಎಂದೂ ಹೇಳಿದೆ. ಅವರು "ಹಂಗೇನ್ರಿ" ಎಂದರು. ಒಳಗೆ ಹೋಗಿ ಎತ್ತುಗಳಿಗೆ ನಮಸ್ಕಾರ ಮಾಡಿದರು, ಮೂರು ಹೋಳಿಗೆ ಉಂಡರು, ಮಲಗಿದರು. ಹೆಂಡತಿ ನನ್ನ ಮುಖ ನೋಡಿ, "ನಾ ಹೇಳಿದ್ನಿಲ್ಲ?" ಎಂದಳು. ಇಡೀ ದಿನ ನಾನು ಆ "ಹಂಗೇನ್ರಿ"ಯನ್ನು ಒಳಗೊಳಗೇ ಹತ್ತು ಥರ ಹೇಳಿ ನೋಡಿದೆ. ಯಾವುದರಲ್ಲೂ ಕ್ಷಮೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಹಲ್ಲುಜ್ಜಿ ಹೊರಗೆ ಬಂದರೆ ಮಾವ ಅಂಗಿ ತೋಳು ಮಡಚಿಕೊಂಡು ಕಾರಿನ ಮುಂದೆ ನಿಂತಿದ್ದರು. ಕೈಯಲ್ಲಿ ಎತ್ತುಗಳ ತಟ್ಟೆ.

"ಬೀಗಿತ್ಯಾರು ಹೂಡಾಕ ಅಪ್ಪಣಿ ಕೊಟ್ಟಾರ. ಬರ್ರಿ," ಎಂದರು.

ಜೋಳದ ಕಣ್ಣು ಕಿತ್ತೆವು, ಕುಂಕುಮ ಒಳಗೆ ಹೋಗುವಂತೆ ಮಡಚಿದೆವು. ಅವರದೊಂದು ಎತ್ತು, ನನ್ನದೊಂದು. ನಾನು ನೀರು ಚಿಮುಕಿಸಿ ತೋರಿಸಿಕೊಟ್ಟೆ. ಮೊದಲು ಮಣ್ಣು ಕರಕರ ಎನ್ನುತ್ತದೆ, ಹತ್ತಾರು ಸಲ ಆಡಿಸಿದ ಮೇಲೆ ಸದ್ದು ಅಡಗಿ ಜಾರತೊಡಗುತ್ತದೆ. ಚುಕ್ಕೆಗಳು ಒಂದೊಂದಾಗಿ ಎತ್ತಿನ ಹೊಟ್ಟೆಗೆ ಬಂದವು. ಮಾವನ ಎತ್ತಿಗೆ ಕೇಸರಿಯ ಜೊತೆ ಕಪ್ಪೂ ಹತ್ತಿತ್ತು. ಅವರು ಮೂಸಿ ನೋಡಿ, "ಇದು ನಿಮ್ಮ ಕಿಡಿ ಅಲ್ರಿ. ನಮ್ಮ ಗಿರಣಿ ಹೊಟ್ಟಿನ ಬೂದಿ" ಎಂದರು. ನನಗೆ ಎಂಥ ಸಮಾಧಾನವಾಯಿತೆಂದರೆ, ಇನ್ನೊಂದು ಹಿಡಿ ಬೂದಿ ಸಿಗಲಿ ಎಂದು ಬೇಡಿಕೊಂಡೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿದರೆ ಒರಟು ಎಲ್ಲಿದೆಯೆಂದು ಗೊತ್ತಾಗುತ್ತದೆ ಎಂದೆ. ಅವರು ಬಾಳೆಹಣ್ಣಿನ ಚೀಲದೊಳಗೆ ಕೈ ತೂರಿಸಿ ಕಾರಿನ ಸುತ್ತ ಒಂದು ಸುತ್ತು ಬಂದರು. ಓಣಿಯ ಜನ ನಿಂತು ನೋಡಿದರು. ನಡುವೆ ನನ್ನ ಎತ್ತು ಕೈಜಾರಿ ಗಟಾರದ ಅಂಚಿಗೆ ಬಿತ್ತು. ಎಸೆಯಲು ಹೋದೆ, ಅವ್ವ ತಡೆದಳು. ಪೂಜೆ ಮಾಡಿದ ಎತ್ತನ್ನು ಹಾದಿಯಲ್ಲಿ ಬಿಟ್ಟು ಬರುತ್ತಾರೇನು ಎಂದು ಬೈದು, ತೊಳೆದು, ತುಳಸಿಯ ಕುಂಡಕ್ಕೆ ಒಯ್ದಳು. ನನ್ನ ಪಾಲಿಗೆ ಉಳಿದದ್ದು ಗೋದಲಿ.

ಎಡಗಡೆಯ ಬಾಗಿಲಿಗೆ ಬಂದಾಗ ಬಿಸಿಲೇರಿತ್ತು. ಮುಂದಿನ ಬಾಗಿಲಿನ ಕೆಳಗೆ ಕೆಸರು, ಪಾಲಿಶ್ ಕೂಡಿ ಹೆಪ್ಪುಗಟ್ಟಿದ ಒಂದು ಪಟ್ಟೆ ಇತ್ತು. ಮಾವ ಕುಕ್ಕರಗಾಲಲ್ಲಿ ಕೂತು ಅದನ್ನೇ ಉಜ್ಜುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅವರ ಕೈ ನಿಂತಿತು. ಎತ್ತಿನ ಹೊಟ್ಟೆಗೆ ಹಳದಿ ಹತ್ತಿತ್ತು. ಬಾಗಿಲಿನ ಮೇಲೆ, ಪಾಲಿಶಿನ ಅಡಿಯಿಂದ, ಮೊಣಕೈ ಉದ್ದದ ಗೀರು ಎದ್ದು ಬಂದಿತ್ತು. ತಗಡು ಅಲ್ಲಿ ಒಳಗೆ ಹೋಗಿತ್ತು.

"ಇದು ಆಟೋ ತಾಗಿದ್ದಿರಬೇಕು ಮಾವಾರ," ಎಂದೆ. ಮತ್ತೆ ನನ್ನ ತಲೆಗೆ ಬಂತಲ್ಲ ಎಂದುಕೊಂಡೆ.

"ಅಲ್ಲ," ಎಂದರು. ಹೊಸ ಕಣ್ಣನ್ನು ಗೀರಿನ ಹತ್ತಿರ ಒಯ್ದು ನೋಡಿದರು. "ಸಿರಿಗೇರಿ ದಾರ್ಯಾಗ ಕಾಲುವಿ ಸೇತುವಿ ಐತಲ್ರಿ, ಅದರ ಅಂಚಿನ ಗ್ವಾಡಿಗೆ ಈ ಹಳದಿ ಬಣ್ಣ ಹೊಡದಾರ."

ನಾನು ಗೋದಲಿಯನ್ನು ಬಕೀಟಿನ ಅಂಚಿಗಿಟ್ಟು ಅವರ ಪಕ್ಕಕ್ಕೆ ಬಂದೆ.

"ಒಂದು ಸಪ್ಪಳ ಆಗಿತ್ತು. ಗಾಲಿ ಕೆಳಗ ಕಲ್ಲು ಸಿಡೀತು ಅನ್ಕೊಂಡೆ. ಇಳಿದೂ ನೋಡ್ಲಿಲ್ಲ. ಆಮ್ಯಾಲ ದಿನಾ ಒರಸಿದ್ರೂ ಪೊರಿ ಕಣ್ಣಿಗೆ ಕಾಣ್ಲಿಲ್ಲ." ಎತ್ತನ್ನು ಮಡಚಿದರು, ಮತ್ತೆ ಬಿಚ್ಚಿದರು. "ಹ್ವಾದ ಶ್ರಾವಣದಾಗ. ಕುರುಗೋಡಿಗೆ ಬಸವಣ್ಣನ ದರ್ಶನಕ್ಕ ಹೊಂಟಿದ್ವಿ."

"ಯಾರ್ಯಾರು?"

"ನಾನು, ಮಮ್ಮಗಳು."

ಮಮ್ಮಗಳೆಂದರೆ ನನ್ನ ಮಗಳು. ಆಗ ಅವಳಿಗೆ ಎಂಟು ವರ್ಷ. ರಜೆಗೆ ಸಿರುಗುಪ್ಪಕ್ಕೆ ಹೋದರೆ ಅಜ್ಜನ ಕಾರಿನ ಮುಂದಿನ ಸೀಟು ಅವಳದೇ, ಅಂದರೆ ಈ ಬಾಗಿಲಿನ ಹಿಂದಿನದು. ಕಾಲುವೆ ಆ ತಿಂಗಳಲ್ಲಿ ತುಂಬಿ ಹರಿಯುತ್ತದೆ.

ನನಗೆ ಸಿಟ್ಟು ಬಂತು. ಹಿಂದೆಂದೂ ಯಾರ ಮೇಲೂ ಬಾರದಂಥ ಸಿಟ್ಟು. ತುಕ್ಕಿನ ನಾಲ್ಕು ಚುಕ್ಕೆಗೆ ಇಷ್ಟು ದಿನ ನನ್ನ ಜೀವ ಹಿಂಡಿದ್ದು ಈ ಮನುಷ್ಯನ ಹೆದರಿಕೆ. ಬೈಯಬೇಕೆಂದು ಬಾಯಿ ತೆರೆದೆ. ಅವರು ನೆಲದ ಮೇಲೆ ಕೂತುಬಿಟ್ಟಿದ್ದರು, ಸೋಪಿನ ನೀರಿನಲ್ಲೇ, ಇಸ್ತ್ರಿ ಮಾಡಿದ ಪಂಚೆಯಲ್ಲಿ. ಕಣ್ಣಿಗೆ ನೀರು ತಾಗಿಸಬಾರದೆಂದು ಡಾಕ್ಟರು ಹೇಳಿದ್ದರು. ಅದು ಅವರ ಕೈಯಲ್ಲಿರಲಿಲ್ಲ.

"ಏಳ್ರಿ ಮಾವಾರ," ಎಂದೆ. "ಡಾಕ್ಟರ್ ಕಡೆ ಹೋಗೂದೈತಿ."

ಎದ್ದರು. ಡ್ರೈವರ್ ಸೀಟಿನ ಕಡೆ ಒಂದು ಹೆಜ್ಜೆ ಹೋದರು, ನಿಂತರು. ಹಿಂದಿರುಗಿ ಬಂದು ಎಡಗಡೆಯ ಬಾಗಿಲನ್ನು ತಾವೇ ತೆಗೆದು ಕೂತರು. ಹದಿನೈದು ವರ್ಷದ ಕಾರಿನಲ್ಲಿ ಆ ಸೀಟಿಗೆ ಅವರು ಕೂತದ್ದು ಅದೇ ಮೊದಲು. ಬೆಲ್ಟು ಎಲ್ಲಿದೆಯೆಂದು ಹುಡುಕಿದರು, ಸಿಗಲಿಲ್ಲ. ನಾನು ಅವರ ಮೇಲಿಂದ ಬಾಗಿ ಎಳೆದು ಹಾಕಿದೆ. ಕೊಂಡಿ ಟಕ್ ಎಂದಿತು. ಅವರು ಅದನ್ನು ಎರಡು ಸಲ ಜಗ್ಗಿ ನೋಡಿದರು.

"ಅವತ್ತು ಆಕೀಗೆ ಇದನ್ನ ಹಾಕಿರ್ಲಿಲ್ರಿ," ಎಂದರು.