ಎರಡು ಕೂಸುಗಳ ಕುತ್ತಿಗೆ

ತೊಂಬತ್ತರ ದಶಕದ ನಡುವಿನಲ್ಲಿ, ಕೋಗಳಿಯ ನಮ್ಮ ಮನೆಯಲ್ಲಿ ನನ್ನ ಎರಡನೇ ಮಗಳು ಹುಟ್ಟಿದಳು. ತಿಂಗಳು ತುಂಬುವ ಮೊದಲೇ, ಎಣ್ಣೆ ಹಚ್ಚುವಾಗ ಅವಳ ಕುತ್ತಿಗೆಯ ಬಲಗಡೆ ಗಟ್ಟಿ ಗಂಟೊಂದು ಕೈಗೆ ಸಿಕ್ಕಿತು. ಮುಖ ಸದಾ ಎಡಕ್ಕೇ ಹೊರಳಿರುತ್ತಿತ್ತು.

ಅತ್ತೆ ಮುಟ್ಟಿ ನೋಡಿ ಒಳಗೆ ಹೋದರು. ಹಿಂದೆ ಇನ್ನೊಂದು ಕೂಸಿನ ಕುತ್ತಿಗೆ ಊದಿದ್ದನ್ನು ಅವರು ಕಂಡಿದ್ದರು. ಅದು ನನ್ನ ಗಂಡನ ಅಕ್ಕನ ಕೂಸು. ನಾನು ಮದುವೆಯಾಗಿ ಬರುವ ಮುಂಚೆಯೇ ಉಸಿರುಕಟ್ಟಿ ತೀರಿಕೊಂಡಿತ್ತು. ನೀರು ಎರೆಯುವಾಗ ಕುತ್ತಿಗೆ ಸರಿಯಾಗಿ ಹಿಡಿಯಲಿಲ್ಲವೆಂದು ಕೊಟ್ಟೂರಿನಲ್ಲಿ ಅಕ್ಕನ ಗಂಡನ ಮನೆಯವರು ತಾಯಿಯನ್ನೇ ದೂರಿದ್ದರು. ಅಂದಿನಿಂದ ಅಕ್ಕ ಯಾರ ಎಳೆಗೂಸನ್ನೂ ಎತ್ತಿಕೊಂಡವರಲ್ಲ. ಆದರೂ ಸುದ್ದಿ ತಿಳಿದ ಕೂಡಲೇ ಬಂದು, "ನಡಿ, ತೋರ್ಸಿಕೊಂಡು ಬರಾಣ" ಎಂದು ನನ್ನನ್ನು ಹೊರಡಿಸಿದವರು ಅವರೇ.

ಹಗರಿಬೊಮ್ಮನಹಳ್ಳಿಯ ಡಾಕ್ಟರು ವಯಸ್ಸಾದ ಹೆಂಗಸು. "ಕಾಲು ಮುಂದಾಗಿ ಹುಟ್ಟಿತೇನಮ್ಮ?" ಎಂದು ಕೇಳಿದರು. ಹೌದೆಂದೆ. ಬೆರಳಿನಿಂದ ಒತ್ತಿ ನೋಡಿ, ಗಂಟಿಗೆ ಟಾರ್ಚು ಹಿಡಿದರು.

"ಬೆಳಕು ಹಾಯ್ತಿಲ್ಲ, ಒಳಗೆ ನೀರಿಲ್ಲ. ಇದು ಸ್ನಾಯುವಿನ ಗಂಟು, ಕಾಲು ಮುಂದಾಗಿ ಹುಟ್ಟಿದ ಕೂಸುಗಳಿಗೆ ಆಗೋದುಂಟು. ಕೊಯ್ಯೋದು ಬೇಡ. ಮುಖಾನ ದಿನಾ ಮೆಲ್ಲಗೆ ಬಲಕ್ಕೆ ಹೊರಳಿಸ್ತಾ ಬನ್ನಿ, ಕರಗುತ್ತೆ."

ನನಗೆ ಹೋದ ಜೀವ ಬಂದಂತಾಯಿತು. ಅಕ್ಕ ಮಾತ್ರ ಟಾರ್ಚನ್ನೇ ನೋಡುತ್ತಿದ್ದರು.

"ನಮ್ಮ ಕೂಸಿಂದು ಮೆತ್ತಗಿತ್ರಿ, ಹುಟ್ಟಿದಾಗ್ಲೇ ಇತ್ತು. ಬಿಸಿಲಿಗೆ ಹಿಡಿದ್ರ ಒಳಗ ಕೆಂಪಗ ಬೆಳಕು ಕಾಣ್ತಿತ್ತು," ಎಂದರು. "ಎರಿಯೋವಾಗ ನಾ ತಪ್ಪು ಹಿಡಿದಿದ್ದಕ್ಕ ಹಂಗಾತೇನ್ರಿ?"

ಡಾಕ್ಟರು ಟಾರ್ಚು ಕೆಳಗಿಟ್ಟರು. "ಅದನ್ನ ನಾನು ನೋಡಿಲ್ಲ. ನೀವು ಹೇಳೋದು ಕೇಳಿದ್ರೆ ನೀರು ತುಂಬಿದ ಗಂಟು ಅನ್ಸುತ್ತೆ. ಅದು ಹೊಟ್ಟೆಯಲ್ಲಿದ್ದಾಗಲೇ ಆಗೋದು. ನಿಮ್ಮ ಕೈಯಿಂದ ಆಗಿದ್ದಲ್ಲ."

"ತೋರ್ಸಿದ್ರ ಉಳೀತಿತ್ತೇನ್ರಿ?"

ಡಾಕ್ಟರು ಕುರ್ಚಿಯನ್ನು ಅಕ್ಕನ ಹತ್ತಿರ ಎಳೆದುಕೊಂಡರು. "ಉಳೀಬಹುದಿತ್ತು. ಖಾತ್ರಿಯಾಗಿ ಹೇಳೋಕಾಗಲ್ಲ."

ಅಕ್ಕ ಅಳಲಿಲ್ಲ. ಡಾಕ್ಟರು ಕತ್ತು ಹೊರಳಿಸುವ ಬಗೆ ತೋರಿಸಿದಾಗ ನಾನು ಮುಟ್ಟಲಾರದೆ ಕೈ ಹಿಂದಕ್ಕೆ ತೆಗೆದುಕೊಂಡೆ. "ಕೊಡು, ನಾ ಮಾಡ್ತೀನಿ" ಎಂದು ಅಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡರು.

ಗಂಡನಿಗೆ ಹೇಳಿಕಳಿಸಿ ಅವರು ನಮ್ಮಲ್ಲೇ ಉಳಿದರು. ಕೂಸು ಚೀರಿದರೆ ನಾನು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಅವರು ಅದರೊಡನೆ ಏನೋ ಮಾತಾಡುತ್ತಲೇ ಕೆಲಸ ಮುಗಿಸುತ್ತಿದ್ದರು. ಮಗಳು ಬೋರಲು ಬೀಳುವ ಹೊತ್ತಿಗೆ ಗಂಟು ಸಣ್ಣದಾಗಿತ್ತು. ಕೂರುವ ಹೊತ್ತಿಗೆ ಕೈಗೇ ಸಿಗಲಿಲ್ಲ.

ಊರಿಗೆ ಹೊರಟ ದಿನ, ಬಸ್ಸಿಗೆ ಕಾಯುತ್ತ ನಿಂತಾಗ, ಅಕ್ಕ ತಮ್ಮ ಕೂಸಿನ ಹೆಸರು ಹೇಳಿದರು. ಅದಕ್ಕೊಂದು ಹೆಸರಿತ್ತೆಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.