ಹೆಲ್ದೂರನ ಬಾಯಿಗೆ ಬಾರದ ಮಾತು

ತಾಲಿನ್ ಪಟ್ಟಣ ನೋಡಲು ಹಡಗಿನಲ್ಲಿ ಬಂದಿಳಿಯುವವರ ಫೋಟೋಗಳಲ್ಲಿ ಕೋಟೆಗೋಡೆ ಇರುತ್ತದೆ, ಓಲೆವಿಸ್ತೆ ಚರ್ಚಿನ ಚೂಪು ಗೋಪುರ ಇರುತ್ತದೆ, ಎಲ್ಲೋ ಒಂದು ಮೂಲೆಯಲ್ಲಿ ಸಾರವೆಯ ಹಲಗೆ ಮೇಲೆ ಕೂತು ಕಪ್ಪು ಬ್ರೆಡ್ಡು ತಿನ್ನುತ್ತಿರುವ ಹೆಲ್ದೂರ್ ಇರುತ್ತಾನೆ. ಅರವತ್ತೊಂದು ವರ್ಷ. ಹಳೇ ಪೇಟೆಯ ಗೋಡೆಗಳಿಗೆ ಸುಣ್ಣ ಬಳಿಯುವುದು ಅವನ ಕಸುಬು. ಅಪ್ಪನದೂ ಅದೇ, ಅಜ್ಜನದೂ ಅದೇ. ಜಪಾನಿನಲ್ಲಿ, ಬ್ರೆಜಿಲಿನಲ್ಲಿ ಯಾರ್ಯಾರದೋ ನಡುಮನೆಯಲ್ಲಿ ಚೌಕಟ್ಟಿನೊಳಗೆ ತೂಗಾಡುತ್ತಿರುವ ಈ ಮನುಷ್ಯ ತಾನು ಮಾತ್ರ ಕಡಲಿನ ಎದುರು ದಡದ ಹೆಲ್ಸಿಂಕಿಯಿಂದಾಚೆ ಕಾಲಿಟ್ಟವನಲ್ಲ.

ಕೈಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಒಂದೇ ತೊಂದರೆ: ಕೆಲಸ ಮುಗಿಯಿತು ಎಂಬ ಮಾತು ಅವನ ಬಾಯಿಂದ ಹೊರಡುವುದಿಲ್ಲ.

ಅದಕ್ಕೆ ಕಾರಣ ಕೆರೆಯ ಮುದುಕ. ಊಲೆಮಿಸ್ತೆ ಕೆರೆ ಇರುವುದು ಊರಿಗಿಂತ ಎತ್ತರದಲ್ಲಿ. ಅದರ ತಳದಲ್ಲಿ ಒಬ್ಬ ಕುಳ್ಳ ಮುದುಕನಿದ್ದಾನಂತೆ. ಎಲೆ ಉದುರುವ ಕಾಲದಲ್ಲಿ ವರ್ಷಕ್ಕೊಮ್ಮೆ ನೀರು ತೊಟ್ಟಿಕ್ಕಿಸುತ್ತಾ ಬಂದು, “ಊರು ಕಟ್ಟಿ ಮುಗೀತಾ?” ಎಂದು ಕೇಳುತ್ತಾನಂತೆ. ಹೂಂ ಅಂದರೆ ಕೆರೆಯನ್ನು ಊರ ಮೇಲೆ ಮಗುಚಿಬಿಡುತ್ತಾನೆ. ಹಾಗಾಗಿ, ಇನ್ನೂ ಬೇಕಾದಷ್ಟು ಬಾಕಿ ಇದೆ ಅನ್ನಬೇಕು. ಮಿಕ್ಕವರಿಗೆ ಇದು ಮಕ್ಕಳಿಗೆ ಹೇಳುವ ಕಥೆ. ಹೆಲ್ದೂರನಿಗೆ ಕಸುಬಿನ ಕಟ್ಟಳೆ. ಯಾರು ಏನು ಕೇಳಿದರೂ “ನಡೀತಾ ಇದೆ” ಅನ್ನುತ್ತಾನೆ. ಮದುವೆ ತಯಾರಿ ಮುಗಿಯಿತೇ ಎಂದು ಕೇಳಿದ, ತನಗೆ ನಿಶ್ಚಯವಾಗಿದ್ದ ಹುಡುಗಿಯ ಅಪ್ಪನಿಗೂ ಏಳು ವರ್ಷ ಹಾಗೇ ಹೇಳಿದ. ಆಕೆ ಒಬ್ಬ ಬಡಗಿಯನ್ನು ಕಟ್ಟಿಕೊಂಡಳು.

ಈ ವರ್ಷ ಎಲೆ ಉದುರುವ ಹೊತ್ತಿಗೆ ಅವನ ಅಕ್ಕನ ಮಗಳು ಉರ್ವೆ, ಪಿಕ್ ಎಂಬ ಬೀದಿಯಲ್ಲಿ ಒಂದು ಕೋಣೆ ಹಿಡಿದು ಕಾಫಿ ಅಂಗಡಿ ಇಡಲು ಹೊರಟಳು. ರಿಪೇರಿ, ಸುಣ್ಣ ಎಲ್ಲ ಹೆಲ್ದೂರನ ಪಾಲಿಗೆ ಬಂತು. ಶನಿವಾರ ಈ ವರ್ಷದ ಕೊನೆಯ ದೊಡ್ಡ ಹಡಗು ಬರುವುದಿತ್ತು. ಅಂದು ಬಾಗಿಲು ತೆರೆಯಬೇಕಾದರೆ ಶುಕ್ರವಾರ ನಗರಸಭೆಯ ಇನ್ಸ್‌ಪೆಕ್ಟರ್ ಬಂದು, ಕೆಲಸ ಮುಗಿದಿದೆ ಎಂದು ಕೆಲಸಗಾರನ ಬಾಯಿಂದಲೇ ಕೇಳಿ ಸಹಿ ಹಾಕಬೇಕು. ತಪ್ಪಿದರೆ ಅವನ ಮುಂದಿನ ಸರದಿ ವಸಂತಕ್ಕೆ.

“ಮಾವ, ನಾಳೆ ಕೇಳಿದ್ರೆ ಮುಗೀತು ಅನ್ನು. ಒಂದೇ ಒಂದು ಮಾತು,” ಎಂದಳು ಉರ್ವೆ ಗುರುವಾರ ಸಂಜೆ.

“ನೋಡೋಣ.”

“ನೋಡೋಣ ಅಲ್ಲ. ಈಗ್ಲೇ ಅಭ್ಯಾಸ ಮಾಡು.”

“ಮು,” ಅಂದ ಹೆಲ್ದೂರ್. ಹಣೆಯ ಬೆವರು ಒರೆಸಿಕೊಂಡ. “ಮಿಕ್ಕಿದ್ದು ನಾಳೆ.”

ಶುಕ್ರವಾರ ಮಧ್ಯಾಹ್ನ ಮಳೆ ಹಿಡಿದುಕೊಂಡಿತು. ಉರ್ವೆ ಹಿಟ್ಟು ತರಲು ಮಾರುಕಟ್ಟೆಗೆ ಹೋಗಿದ್ದಳು. ಬಾಗಿಲು ತಳ್ಳಿಕೊಂಡು ಒಬ್ಬ ಕುಳ್ಳ ಮನುಷ್ಯ ಒಳಗೆ ಬಂದ. ನರೆತ ಗಡ್ಡದಿಂದ ನೀರು, ಕೋಟಿನಿಂದ ನೀರು, ಬೂಟಿನೊಳಗಿಂದ ಪಚಪಚ ಸದ್ದು. ನಮಸ್ಕಾರವಿಲ್ಲ, ಏನಿಲ್ಲ.

“ಮುಗೀತಾ?” ಅಂದ.

ಹೆಲ್ದೂರನ ಕೈಲಿದ್ದ ಕುಂಚ ಜಾರಿತು.

“ಎಲ್ಲಿ ಮುಗಿಯತ್ತೆ ಸ್ವಾಮಿ. ಗೋಡೆ ಹಸೀ ಹಸಿ. ಛಾವಣಿ ಸೋರ್ತಾ ಇದೆ. ಬಂದರಿನ ಹತ್ರ ರಸ್ತೆ ಅಗೆದು ಗುಡ್ಡೆ ಹಾಕಿದಾರೆ, ಟ್ರ್ಯಾಮಿನ ಹಳಿ ಕಿತ್ತಿಟ್ಟಿದಾರೆ. ಇನ್ನೊಂದು ನೂರು ವರ್ಷ ಆಗ್ಬಹುದು.”

“ನೂರು ವರ್ಷ?”

“ಕಮ್ಮಿ ಅಂದ್ರೆ. ನೀವು ಆರಾಮಾಗಿ ಮನೆಗೆ ಹೋಗಿ. ನಿಮ್ಮ ನೀರು ನಿಮ್ಮ ಹತ್ರಾನೇ ಇರ್ಲಿ.”

ಬಂದವನು ಒದ್ದೆ ಪುಸ್ತಕ ತೆಗೆದು ಏನೋ ಗೀಚತೊಡಗಿದ. ಅಷ್ಟರಲ್ಲಿ ಹಿಟ್ಟಿನ ಚೀಲದೊಂದಿಗೆ ಉರ್ವೆ ಬಂದಳು. ಬರೆದದ್ದನ್ನು ಬಗ್ಗಿ ಓದಿದಳು.

“ಏನ್ ಮಾಡ್ಬಿಟ್ಟೆ ಮಾವ?”

“ಊರು ಉಳಿಸ್ದೆ.”

“ಇವರು ಇನ್ಸ್‌ಪೆಕ್ಟರ್ ಕಲ್ಮೆರ್. ಕೊರಳಲ್ಲಿ ಕಾರ್ಡು ನೋಡು.”

“ಕಾರ್ಡು ಯಾರು ಬೇಕಾದ್ರೂ ಮಾಡಿಸ್ಕೋತಾರೆ,” ಎಂದು ಹೆಲ್ದೂರ್ ಪಿಸುಗುಟ್ಟಿದ. ಆಮೇಲೆ ಗಟ್ಟಿಯಾಗಿ, “ತಮ್ಮ ಮನೆ ಎಲ್ಲಿ ಸ್ವಾಮಿ?”

“ಊಲೆಮಿಸ್ತೆ,” ಅಂದ ಕಲ್ಮೆರ್. “ಕೆರೆ ಮಗ್ಗುಲಲ್ಲೇ. ಯಾಕೆ?”

ಹೆಲ್ದೂರ್ ಸುಣ್ಣದ ಬಕೆಟ್ಟಿನ ಮೇಲೆ ಕುಸಿದು ಕೂತ. ಅದಕ್ಕೆ ಮುಚ್ಚಳ ಇರಲಿಲ್ಲ.

ಉರ್ವೆ ಬೈಯಲಿಲ್ಲ. ಹಿಟ್ಟಿನ ಚೀಲದ ಮೇಲೆ ತಾನೂ ಕೂತಳು. “ಹತ್ತು ವರ್ಷ ಹಡಗಿನ ಅಡುಗೆಮನೇಲಿ ಸೂಪು ಕುದಿಸಿದೆ ಮಾವ,” ಅಂದಳು. “ನಾಳೆ ಬಾಗಿಲು ತೆಗೀದಿದ್ರೆ ಮತ್ತೆ ಅಲ್ಲಿಗೇ ಹೋಗ್ಬೇಕು.”

ಹೆಲ್ದೂರ್ ಅವಳ ಮುಖ ನೋಡಿದ, ಕಲ್ಮೆರನ ಗಡ್ಡ ನೋಡಿದ. ಬಕೆಟ್ಟಿನಿಂದ ತನ್ನನ್ನು ಬಿಡಿಸಿಕೊಂಡು ಎದ್ದು ನಿಂತ. ಹಿಂಭಾಗದಿಂದ ಸುಣ್ಣ ಇಳಿಯುತ್ತಿತ್ತು.

“ಸ್ವಾಮಿ, ಈ ಕೋಣೆ...” ಗೋಡೆಗೆ ಅಂಗೈ ಒತ್ತಿ, ಒಣಗಿದ್ದನ್ನು ತೋರಿಸಿದ. “ಈ ಕೋಣೆ ಒಂದು ಮುಗೀತು. ಊರು ಮುಗಿದಿಲ್ಲ. ಎರಡನ್ನೂ ಬರ್ಕೊಳ್ಳಿ.”

“ಊರಿಗೆ ಇದರಲ್ಲಿ ಕಾಲಂ ಇಲ್ಲ.”

“ಹಂಗಾದ್ರೆ ಒಂದು ಮಾಡಿ.”

ಕಲ್ಮೆರನೂ ಇದೇ ಊರಲ್ಲಿ ಹುಟ್ಟಿದವನು. ಎಲ್ಲೂ ಸೋರದ ಛಾವಣಿಯನ್ನು ಕತ್ತೆತ್ತಿ ನೋಡಿದ, ಕಿಟಕಿಯಾಚೆ ಕಲ್ಲುಹಾಸಿನ ಮೇಲೆ ಹರಿಯುತ್ತಿದ್ದ ನೀರನ್ನೂ ನೋಡಿದ. ಮೊದಲು ಗೀಚಿದ್ದನ್ನು ಹೊಡೆದುಹಾಕಿ, ಸಹಿ ಹಾಕಿ, ಪಕ್ಕದ ಖಾಲಿ ಜಾಗದಲ್ಲಿ “ಊರಿನ ಕೆಲಸ ಬಾಕಿ ಇದೆ” ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಹಾಳೆ ಹರಿದು ಉರ್ವೆಗೆ ಕೊಟ್ಟ.

“ಯಾವುದಕ್ಕೂ ಇರ್ಲಿ,” ಅಂದ.

ಆದರೂ ಹೆಲ್ದೂರನಿಗೆ ಸಮಾಧಾನವಿಲ್ಲ. ಆಡಬಾರದ ಮಾತು ಆಡಿಯಾಗಿತ್ತು. ಬಾಗಿಲು ತೆರೆದು, ಕೆರೆಯ ಮುದುಕನಿಗೆ ಕೇಳಲೆಂದು ಬೀದಿಯ ಮೋರಿಯ ಕಡೆ ಬಗ್ಗಿ, “ಇನ್ನೂ ಬಾಕಿ ಇದೆ, ಕೇಳಿಸ್ತಾ?” ಎಂದು ಕೂಗಿದ. ಎದುರು ಮನೆಯ ಕಿಟಕಿಯಿಂದ ಒಬ್ಬ ಅಜ್ಜಿ, “ನಮ್ಮ ಮೆಟ್ಟಿಲೂ ಬಾಕಿ ಅನ್ನು,” ಎಂದಳು. ಪಕ್ಕದ ಔಷಧಿ ಅಂಗಡಿಯವಳು ಹೊರಗೆ ಬಂದು, “ನನ್ನ ಗಂಡನಿಗೆ ಹಲ್ಲು ಕಟ್ಟಿಸೋದು ಬಾಕಿ, ಅದನ್ನೂ ಸೇರಿಸ್ಕೋ,” ಎಂದಳು. ಕಲ್ಮೆರ್ ಹೊಸ್ತಿಲಲ್ಲಿ ನಿಂತು ಬೂಟಿನ ನೀರು ಸುರಿಯುತ್ತಾ, ತನ್ನ ಬಚ್ಚಲುಮನೆಯ ನಲ್ಲಿ ರಿಪೇರಿಯ ಸಂಗತಿಯನ್ನು ಸಣ್ಣ ದನಿಯಲ್ಲಿ ಹೇಳಿದ.

ಉರ್ವೆ ಒಳಗೆ ಹೋಗಿ ಸಹಿಯಾದ ಕಾಗದವನ್ನು ಒಲೆಯ ಮೇಲೆ ಒಣಗಲು ತೂಗುಹಾಕಿ, ಅಂಗಿಯ ತೋಳು ಮಡಚಿಕೊಂಡು ನಾಳೆಯ ಬನ್ನಿಗೆ ಹಿಟ್ಟು ಕಲೆಸಲು ನಿಂತಳು.